ಗ್ರಾಮ ನಾಯಕತ್ವದ ಶಿಕ್ಷಣ: ಒಂದು ವಿವೇಚನೆ

‘ನಾಯಕ’ ಎಂಬ ಶಬ್ದವು ಸಂಸ್ಕೃತದ ‘ನೀ’ ಧಾತುವಿನಿಂದ ನಿಷ್ಪನ್ನವಾದುದು. ಕೊಂಡೊಯ್ಯು, ದಾರಿ ನಡೆಸು ಎಂಬುದು ಆ ಧಾತುವಿನ ಅರ್ಥ. ನೇತಾರ, ನೀತಿ, ನಯನ, ವಿನಯ ಎಂಬ ಶಬ್ದಗಳೂ ಇದೇ ಧಾತುವಿನ ಸಂತಾನವೆಂಬುದು ಗಮನಾರ್ಹ. ವಿನಯವೆಂದರೆ ಸೌಜನ್ಯವೆಂಬ ಅರ್ಥವಷ್ಟೇ ಇಂದು ಬಳಕೆಯಲ್ಲಿ ಉಳಿದಿದೆ. ಪ್ರಾಚೀನರಲ್ಲಾದರೋ ಅದಕ್ಕೆ ಶಿಕ್ಷಣವೆಂಬ ಅರ್ಥವೂ ಇದ್ದಿತು. ಕೌಟಿಲ್ಯನ ಅರ್ಥಶಾಸ್ತ್ರದ ಪ್ರಥಮ ಅಧಿಕರಣಕ್ಕೆ ವಿನಯಾಧಿಕಾರಿಕವೆಂದೇ ಹೆಸರು. ಆಳುವವನಿಗೆ ಮೊದಲು ಶಿಕ್ಷಣ, ಆಮೇಲೆ ಅಧಿಕಾರ ಎಂಬುದು ಆ ಕ್ರಮದ ಇಂಗಿತ. ಅಚ್ಚಗನ್ನಡದ ‘ಮುಂದಾಳು’ ಎಂಬ ಮಾತಿನಲ್ಲಿ ಇನ್ನೊಂದು ಸ್ವಾರಸ್ಯವಿದೆ. ‘ಆಳು’ ಕ್ರಿಯಾಪದವಾದಾಗ ಆಳ್ವಿಕೆ ನಡೆಸು ಎಂಬ ಅರ್ಥ. ನಾಮಪದವಾದಾಗ ಸೇವಕನೆಂಬ ಅರ್ಥ. ಮುಂದೆ ನಿಂತು ದುಡಿಯುವ ಆಳೇ ಮುಂದಾಳು. ಇಂತಹ ಮುಂದಾಳುಗಳನ್ನು ಹಳ್ಳಿಗಳಲ್ಲಿ ಸಿದ್ಧಗೊಳಿಸುವ ಶಿಕ್ಷಣದ ಸ್ವರೂಪವೇನು, ಅದಕ್ಕೆ ಯಾರು ಸೇರಬೇಕು, ಸೇರಿದವರಿಂದ ಊರಿಗೆ ಏನು ಫಲ ಎಂಬುದು ಇಲ್ಲಿನ ವಿವೇಚನೆಯ ವಿಷಯ.

ಇದನ್ನು ಒಂದು ಊರನ್ನು ಎದುರಿಗಿಟ್ಟುಕೊಂಡು ನೋಡುವುದು ಲೇಸು. ಬೆಂಗಳೂರು ಗ್ರಾಮಾಂತರ ಜಿಲ್ಲೆ ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿ, ಸಾಹಿತಿ ಸಮೇತನಹಳ್ಳಿ ರಾಮರಾಯರ ಹೆಸರಿನೊಡನೆ ಕನ್ನಡ ವಾಚಕರಿಗೆ ಪರಿಚಿತವಾದ ಗ್ರಾಮ. ರಾಗಿ, ಅವರೆ, ತರಕಾರಿ, ಹೂವು, ಹಿಪ್ಪುನೇರಳೆ, ಹೈನು ಇವು ಈ ತಾಲ್ಲೂಕಿನ ರೈತರ ಜೀವನಾಧಾರಗಳು. ದೊಡ್ಡ ನಾಲೆಗಳ ಆಸರೆಯಿಲ್ಲದ ಈ ಸೀಮೆ ಕೆರೆಗಳನ್ನೂ ಕೊಳವೆಬಾವಿಗಳನ್ನೂ ನಂಬಿ ಬದುಕಿದೆ. ಪಶ್ಚಿಮಕ್ಕೆ ಕೆಲವೇ ಮೈಲಿಗಳ ದೂರದ ಕಾಡುಗೋಡಿಗೆ 2023ರ ಮಾರ್ಚಿ ತಿಂಗಳಲ್ಲಿ ಮೆಟ್ರೋ ರೈಲು ಬಂದಿತು. ಅದಕ್ಕೂ ಬಹು ಮೊದಲೇ ಬೆಂಗಳೂರು ನಗರವು ಈ ದಿಕ್ಕಿನಲ್ಲಿ ಕೈಚಾಚಿತ್ತು. ರಾಗಿ ಬೆಳೆಯುತ್ತಿದ್ದ ಹೊಲಗಳು ಬಡಾವಣೆಗಳಾಗುತ್ತಿವೆ, ಉಗ್ರಾಣಗಳಾಗುತ್ತಿವೆ. ಹೊಲವನ್ನು ಮಾರುವುದೋ ಉಳಿಸಿಕೊಳ್ಳುವುದೋ, ಕೆರೆಯ ಅಂಗಳವನ್ನು ಕಾಯುವವರು ಯಾರು, ಪಂಚಾಯತಿಗೆ ಬಂದ ಹಣ ಯಾವ ಕೆಲಸಕ್ಕೆ ಸಲ್ಲಬೇಕು, ಓದಿದ ಮಕ್ಕಳು ಊರಿನಲ್ಲಿ ನಿಲ್ಲುವಂತಹ ಉದ್ಯೋಗ ಯಾವುದು ಎಂಬ ಪ್ರಶ್ನೆಗಳು ನಗರದ ಅಂಚಿನ ಪ್ರತಿಯೊಂದು ಹಳ್ಳಿಯ ಮುಂದೆಯೂ ನಿಂತಿವೆ. ಕಾಗದಪತ್ರವನ್ನು ಓದಿ ಅರ್ಥ ಹೇಳಬಲ್ಲ, ಸಭೆಯಲ್ಲಿ ಎದ್ದು ನಿಂತು ಕೇಳಬಲ್ಲ ನಾಲ್ಕು ಜನ ಊರಿನಲ್ಲಿ ಇಲ್ಲದಿದ್ದರೆ ಈ ಪ್ರಶ್ನೆಗಳಿಗೆ ಉತ್ತರವನ್ನು ಹೊರಗಿನವರೇ ಬರೆದುಬಿಡುತ್ತಾರೆ.

ಹಿಂದಿನ ಕಾಲದ ಹಳ್ಳಿಯಲ್ಲಿ ನಾಯಕತ್ವವು ವಂಶಪಾರಂಪರ್ಯವಾಗಿತ್ತು. ಗೌಡನ ಮಗ ಗೌಡಿಕೆಯನ್ನೂ ಶಾನುಭೋಗನ ಮಗ ಲೆಕ್ಕದ ಕಡತವನ್ನೂ ನೀರಗಂಟಿಯ ಮಗ ತೂಬಿನ ಕಾವಲನ್ನೂ ಮನೆಯಲ್ಲಿಯೇ ಕಲಿಯುತ್ತಿದ್ದರು. ಆ ವ್ಯವಸ್ಥೆಯಲ್ಲಿ ಅನ್ಯಾಯಕ್ಕೆ ಎಡೆಯಿತ್ತು. ಕಲಿಯುವ ಬಾಗಿಲು ಕೆಲವೇ ಮನೆಗಳಿಗೆ ತೆರೆದಿತ್ತು. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಶಾಸನವು 1963ರಲ್ಲಿ ಜಾರಿಗೆ ಬಂದು ಈ ವಂಶಾನುಗತ ಹಕ್ಕುಗಳನ್ನು ತೆಗೆದುಹಾಕಿತು. ಮುಂದಾಳಾಗುವ ಅವಕಾಶ ಸರ್ವರಿಗೂ ದೊರೆಯಿತು, ಸರಿಯೇ. ಆದರೆ ಮನೆಯಲ್ಲಿ ತಾನಾಗಿ ನಡೆಯುತ್ತಿದ್ದ ಅಭ್ಯಾಸದ ಬದಲಿಗೆ ಬೇರೊಂದು ಅಭ್ಯಾಸ ಏರ್ಪಡಬೇಕಾಯಿತು. ಗ್ರಾಮ ನಾಯಕತ್ವದ ಶಿಕ್ಷಣವು ಅವಶ್ಯವಾದುದು ಈ ಕಾರಣದಿಂದ.

ಇಂತಹ ಶಿಕ್ಷಣಕ್ಕೆ ಲೋಕದಲ್ಲಿ ಮಾರ್ಗದರ್ಶಕವಾದ ದೇಶ ಡೆನ್ಮಾರ್ಕ್. ಗ್ರುಂಡ್ಟ್‌ವಿಗ್ ಎಂಬ ಮಹನೀಯನ ಚಿಂತನೆಯಿಂದ ಸ್ಫೂರ್ತಿ ಪಡೆದು 1844ರಲ್ಲಿ ಅಲ್ಲಿನ ರೋಡಿಂಗ್ ಎಂಬ ಊರಿನಲ್ಲಿ ಮೊದಲ ಜನತಾ ವಿದ್ಯಾಲಯವು ಆರಂಭವಾಯಿತು. ಹೊಲದಲ್ಲಿ ಕೆಲಸವಿಲ್ಲದ ಚಳಿಗಾಲದ ತಿಂಗಳುಗಳಲ್ಲಿ ರೈತರ ಮಕ್ಕಳು ಇಂತಹ ಶಾಲೆಗಳಿಗೆ ಬಂದು ಗುರುಗಳೊಡನೆ ವಾಸಿಸಿ ದೇಶದ ಚರಿತ್ರೆ, ಭಾಷೆ, ಹಾಡು, ಸಂವಾದಗಳನ್ನು ಕಲಿಯುತ್ತಿದ್ದರು. ಪರೀಕ್ಷೆಯಿಲ್ಲ, ಪದವಿಯಿಲ್ಲ. 1882ರಲ್ಲಿ ಆ ದೇಶದ ರೈತರು ಸಹಕಾರಿ ಕ್ಷೀರಕೇಂದ್ರವನ್ನು ಕಟ್ಟಿದಾಗ, ಸದಸ್ಯನ ಬಳಿ ಹಸುಗಳೆಷ್ಟೇ ಇರಲಿ, ಒಬ್ಬನಿಗೆ ಒಂದೇ ಮತವೆಂಬ ತತ್ತ್ವವನ್ನು ಅನುಸರಿಸಿದರು. ಕೂಡಿ ಕುಳಿತು ಮಾತಾಡಲು ಶಾಲೆಯಲ್ಲಿ ಕಲಿತವರು ಕೂಡಿ ವ್ಯವಹಾರ ನಡೆಸಲು ಸಮರ್ಥರಾದರು.

ಈ ಮಾದರಿ ಕನ್ನಡ ನಾಡಿಗೂ ಬಂದಿತು. 1940ರ ದಶಕದಲ್ಲಿ ಸಾಕ್ಷರತಾ ಪ್ರಸಾರಕ್ಕೆ ತೊಡಗಿದ ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿಯು ಅಕ್ಷರಾಭ್ಯಾಸದಲ್ಲಿಯೇ ತೃಪ್ತವಾಗದೆ ಗ್ರಾಮೀಣ ತರುಣರಿಗಾಗಿ ವಿದ್ಯಾಪೀಠಗಳನ್ನು ಸ್ಥಾಪಿಸಿತು. ಡೆನ್ಮಾರ್ಕಿನ ಶಾಲೆಗಳಂತೆ ಇವೂ ವಸತಿ ಶಾಲೆಗಳು. ವ್ಯವಸಾಯ, ಕೈಕಸಬು, ಸಹಕಾರ, ಆರೋಗ್ಯ, ಪೌರನೀತಿಗಳನ್ನು ತರುಣರು ಒಟ್ಟಿಗಿದ್ದು ಕಲಿತು ತಮ್ಮ ಊರುಗಳಿಗೆ ಮರಳಬೇಕೆಂಬುದು ಸಮಿತಿಯ ಸಂಕಲ್ಪ. ಅದೇ ಸಮಿತಿಯ ‘ಬೆಳಕು’ ವಾರಪತ್ರಿಕೆಯೂ ‘ಪುಸ್ತಕ ಪ್ರಪಂಚ’ ಮಾಸಪತ್ರಿಕೆಯೂ ಹೊಸದಾಗಿ ಓದು ಕಲಿತವರ ಕೈಯಲ್ಲಿ ಓದಿನ ಅಭ್ಯಾಸವನ್ನು ಉಳಿಸಿದವು.

ಸಹಕಾರದ ವಿಷಯದಲ್ಲಂತೂ ಕನ್ನಡಿಗರು ಇನ್ನೊಬ್ಬರನ್ನು ಕಾಯಲಿಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿಯೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಕೂಡಿಸಿ ಕೃಷಿ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದರು. ಸಾಹುಕಾರನ ಬಡ್ಡಿಯಿಂದ ಬಸವಳಿದ ರೈತನಿಗೆ ರೈತರೇ ಸಾಲ ಕೊಡುವ ಏರ್ಪಾಡು ಅದು. ಇಂದು ಸಾಮಾನ್ಯ ರೈತನಿಗೆ ಅತಿ ಸಮೀಪವಾದ ಸಹಕಾರ ಸಂಸ್ಥೆಯೆಂದರೆ ಹಾಲು ಉತ್ಪಾದಕರ ಸಂಘ. 1974ರಲ್ಲಿ ಆರಂಭವಾದ ಹೈನು ಅಭಿವೃದ್ಧಿ ಯೋಜನೆಯೂ 1984ರಲ್ಲಿ ರೂಪುಗೊಂಡ ಕರ್ನಾಟಕ ಹಾಲು ಮಹಾಮಂಡಳವೂ ಈ ಸಂಘಗಳನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದವು. ಬೆಳಗಿನ ಜಾವ ಕ್ಯಾನು ಹಿಡಿದು ಸಾಲಿನಲ್ಲಿ ನಿಂತ ಹೆಣ್ಣುಮಗಳಿಗೆ ಕೊಡುವ ಚೀಟಿಯಲ್ಲಿ ಜಿಡ್ಡಿನ ಅಂಶವೆಷ್ಟು, ಜಿಡ್ಡಲ್ಲದ ಘನಾಂಶವೆಷ್ಟು, ಅದಕ್ಕೆ ತಕ್ಕ ದರವೆಷ್ಟು ಎಂಬ ಅಂಕಿಗಳಿರುತ್ತವೆ. ಆ ಚೀಟಿಯನ್ನು ಓದಬಲ್ಲವಳು ತನ್ನ ಹಸುವಿನ ಮೇವನ್ನು ತಿದ್ದಿಕೊಳ್ಳುತ್ತಾಳೆ. ಸಂಘದ ವಾರ್ಷಿಕ ಸಭೆಯಲ್ಲಿ ಲೆಕ್ಕ ಕೇಳುತ್ತಾಳೆ. ಮುಂದೊಂದು ದಿನ ಆಡಳಿತ ಮಂಡಳಿಯಲ್ಲಿ ಕುಳಿತುಕೊಳ್ಳುತ್ತಾಳೆ. ನಾಯಕತ್ವದ ಮೊದಲ ಪಾಠ ಭಾಷಣದಿಂದ ಆರಂಭವಾಗಬೇಕಾಗಿಲ್ಲ. ಇಂತಹ ಒಂದು ಚೀಟಿಯಿಂದಲೂ ಆಗಬಹುದು.

ಪಂಚಾಯತಿಯ ಅಧಿಕಾರವೂ ಹೀಗೆಯೇ ಹಳ್ಳಿಗೆ ಇಳಿದುಬಂದಿತು. ಅಬ್ದುಲ್ ನಜೀರ್ ಸಾಬರ ಪ್ರಯತ್ನದಿಂದ ರೂಪುಗೊಂಡ 1983ರ ಕಾಯಿದೆಯಂತೆ 1987ರಲ್ಲಿ ಚುನಾವಣೆಗಳು ನಡೆದು, ಸ್ತ್ರೀಯರಿಗೆ ಶೇಕಡಾ 25 ಸ್ಥಾನಗಳು ಮೀಸಲಾದವು. ಸಂವಿಧಾನದ 73ನೆಯ ತಿದ್ದುಪಡಿಯನ್ನು ಅನುಸರಿಸಿ 1993ರ ಪಂಚಾಯತ್ ರಾಜ್ ಅಧಿನಿಯಮ ಬಂದಿತು. 2010ರಲ್ಲಿ ಸ್ತ್ರೀಯರ ಮೀಸಲು ಅರ್ಧಭಾಗಕ್ಕೇರಿತು. ಹಿಂದೆಂದೂ ಸಭೆಯ ಕಟ್ಟೆಯನ್ನು ಏರದವರು ಸದಸ್ಯರಾಗಿ, ಅಧ್ಯಕ್ಷರಾಗಿ ಬಂದರು. ಕುರ್ಚಿ ದೊರೆತರೂ ಕಡತದ ಭಾಷೆ ಅವರಿಗೆ ಅಪರಿಚಿತವಾಗಿತ್ತು. ಮೈಸೂರಿನಲ್ಲಿರುವ, ನಜೀರ್ ಸಾಬರ ಹೆಸರನ್ನೇ ಹೊತ್ತ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಯು ಚುನಾಯಿತರಾದ ಸದಸ್ಯರಿಗೆ ತರಬೇತಿ ನೀಡುತ್ತ ಬಂದಿದೆ. ಉಪಗ್ರಹದ ಮೂಲಕವೂ ಪಾಠಗಳನ್ನು ತಾಲ್ಲೂಕು ಕೇಂದ್ರಗಳಿಗೆ ತಲುಪಿಸಿದ ಸಂಸ್ಥೆ ಅದು.

ಚುನಾವಣೆಗೆ ನಿಲ್ಲದವರಿಗೂ ಕಲಿಯುವ ಸ್ಥಳಗಳುಂಟು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯಕ್ಕೆ ಸೇರಿದ ಕೃಷಿ ವಿಜ್ಞಾನ ಕೇಂದ್ರವು ಇದೇ ಜಿಲ್ಲೆಯ ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯಲ್ಲಿದೆ. ನೆಲಮಂಗಲದ ಬಳಿಯ ಅರಿಶಿನಕುಂಟೆಯಲ್ಲಿ ರುಡ್‌ಸೆಟ್ ಸಂಸ್ಥೆಯ ಶಾಖೆಯಿದೆ. ಧರ್ಮಸ್ಥಳದ ಧರ್ಮಾಧಿಕಾರಿಗಳ ನೇತೃತ್ವದಲ್ಲಿ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಯೋಗದಿಂದ 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ಈ ಸಂಸ್ಥೆಯಲ್ಲಿ ನಿರುದ್ಯೋಗಿ ತರುಣರಿಗೆ ಊಟ ವಸತಿಗಳೊಡನೆ ಶುಲ್ಕವಿಲ್ಲದ ತರಬೇತಿ ದೊರೆಯುತ್ತದೆ. ತರಬೇತಿ ಮುಗಿದ ಮೇಲೂ ಕಲಿತವರನ್ನು ಸಂಸ್ಥೆ ಕೈಬಿಡದೆ ಅವರ ಉದ್ಯೋಗದ ಬೆನ್ನುಹತ್ತಿ ವಿಚಾರಿಸುತ್ತದೆ. ಇದು ಅದರ ವೈಶಿಷ್ಟ್ಯ. ಮಠಗಳೂ ಈ ಕಾರ್ಯದಿಂದ ದೂರ ಉಳಿದಿಲ್ಲ. ಸುತ್ತೂರಿನ ಜೆ.ಎಸ್.ಎಸ್. ಕೃಷಿ ವಿಜ್ಞಾನ ಕೇಂದ್ರ, ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರಗಳು ವಿದ್ಯಾದಾನದ ಪರಂಪರೆಯು ಹೊಲದವರೆಗೆ ಹರಿದುದಕ್ಕೆ ನಿದರ್ಶನಗಳು.

ಇನ್ನು, ಈ ಶಿಕ್ಷಣದ ಅಂತರಂಗವೇನೆಂಬುದನ್ನು ನೋಡಬೇಕು. ಹೊಸ ತಳಿ, ಗೊಬ್ಬರ, ಹನಿ ನೀರಾವರಿ ಮೊದಲಾದ ತಾಂತ್ರಿಕ ಜ್ಞಾನ ಅವಶ್ಯವೇ ಆದರೂ ಅಷ್ಟರಿಂದ ಒಬ್ಬನು ಉತ್ತಮ ರೈತನಾದಾನು, ಮುಂದಾಳಾಗಲಾರನು. ಮುಂದಾಳಾಗುವವನಿಗೆ ಬೇರೆ ನಾಲ್ಕು ಅಭ್ಯಾಸಗಳು ಬೇಕು. ಮೊದಲನೆಯದು ಆಲಿಸುವುದು: ಹತ್ತು ಜನರ ಹತ್ತು ಮಾತುಗಳಲ್ಲಿ ಊರಿನ ಕಷ್ಟವನ್ನು ಗುರುತಿಸುವುದು. ಎರಡನೆಯದು ಓದುವುದು: ಪಹಣಿ, ಆಯವ್ಯಯ ಪಟ್ಟಿ, ಸಂಘದ ಉಪವಿಧಿ, ಸರಕಾರದ ಸುತ್ತೋಲೆಗಳನ್ನು ಓದಿ ಸರಳವಾಗಿ ಇತರರಿಗೆ ತಿಳಿಸುವುದು. ಮೂರನೆಯದು ಸಭೆಯನ್ನು ನಡೆಸುವುದು: ಆರು ತಿಂಗಳಿಗೊಮ್ಮೆಯಾದರೂ ಸೇರಬೇಕಾದ ಗ್ರಾಮಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತವರ ಬಾಯಿಂದಲೂ ಮಾತು ಹೊರಡುವಂತೆ ಮಾಡುವುದು, ಆದ ತೀರ್ಮಾನವನ್ನು ನಡವಳಿ ಪುಸ್ತಕದಲ್ಲಿ ಬರೆಯಿಸುವುದು. ನಾಲ್ಕನೆಯದು ನೋಡಿ ಬರುವುದು: ಕೆರೆಯ ಹೂಳು ತೆಗೆದ ಊರು, ಮಾರುಕಟ್ಟೆಯನ್ನು ತಾವೇ ಕಂಡುಕೊಂಡ ರೈತಕೂಟ, ಇವುಗಳನ್ನು ಕಣ್ಣಾರೆ ಕಂಡು ತನ್ನ ಊರಿನ ಅಳತೆಗೆ ಹೊಂದಿಸಿಕೊಳ್ಳುವುದು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯವೊಂದರಲ್ಲಿ ಕೆಲಾಗ್ ಪ್ರತಿಷ್ಠಾನದ ನೆರವಿನಿಂದ 1965ರಲ್ಲಿ ಆರಂಭವಾದ ರೈತರ ಅಧ್ಯಯನ ಯೋಜನೆಯಲ್ಲಿಯೂ ಮುಖ್ಯ ಪಾಠ ಬೇಸಾಯದ್ದಾಗಿರಲಿಲ್ಲ. ಅರ್ಥನೀತಿ, ಸಾರ್ವಜನಿಕ ವ್ಯವಹಾರ, ದೇಶಾಟನಗಳಿಗೆ ಅಲ್ಲಿ ಪ್ರಾಧಾನ್ಯವಿತ್ತು.

ಇಂತಹ ತರಬೇತಿಗಳ ವಿಷಯದಲ್ಲಿ ಒಂದು ಆಕ್ಷೇಪ ಕೇಳಿಬರುತ್ತದೆ. ತರಬೇತಿಗೆ ಹೋದ ಬುದ್ಧಿವಂತನು ಪ್ರಮಾಣಪತ್ರವನ್ನು ಹಿಡಿದು ನಗರಕ್ಕೆ ಹೋಗುತ್ತಾನೆ. ಹೋಗದೆ ಉಳಿದರೆ ಕಚೇರಿಗೂ ರೈತನಿಗೂ ನಡುವೆ ನಿಂತು ದಲ್ಲಾಳಿಯಾಗುತ್ತಾನೆ ಎಂಬುದೇ ಆ ಆಕ್ಷೇಪ. ಇದು ನಿರಾಧಾರವಾದುದಲ್ಲ. ನಿವೇಶನಗಳ ವ್ಯಾಪಾರ ಬಿರುಸಾಗಿರುವ ಬೆಂಗಳೂರಿನ ಸುತ್ತಣ ಹಳ್ಳಿಗಳಲ್ಲಿ ಕಾಗದಪತ್ರ ಬಲ್ಲವನಿಗೆ ಈ ಪ್ರಲೋಭನ ಬಲವಾದುದು. ಆದರೆ ದೋಷವಿರುವುದು ವಿದ್ಯೆಯಲ್ಲಲ್ಲ, ಕಳುಹಿಸಿದ ರೀತಿಯಲ್ಲಿ. ತಾನೇ ಅರ್ಜಿ ಹಾಕಿ ತಾನೇ ಹೋಗಿಬಂದವನನ್ನು ಕೇಳುವವರು ಯಾರೂ ಇರುವುದಿಲ್ಲ.

ಇದಕ್ಕೆ ಪರಿಹಾರವನ್ನು ಜಪಾನಿನ ಒಂದು ಸಂಸ್ಥೆ ತೋರಿಸಿಕೊಟ್ಟಿದೆ. 1973ರಲ್ಲಿ ಸ್ಥಾಪಿತವಾಗಿ ತೊಚಿಗಿ ಪ್ರಾಂತದಲ್ಲಿ ನಡೆಯುತ್ತಿರುವ ಏಷ್ಯಾ ಗ್ರಾಮೀಣ ವಿದ್ಯಾಸಂಸ್ಥೆಯು ಏಷ್ಯಾ, ಆಫ್ರಿಕಾ ಮೊದಲಾದ ಕಡೆಗಳ ಗ್ರಾಮ ಮುಖಂಡರಿಗೆ ಒಂಬತ್ತು ತಿಂಗಳ ಶಿಕ್ಷಣ ನೀಡುತ್ತದೆ. ಅಲ್ಲಿ ಬೋಧಕರೂ ಕಲಿಯುವವರೂ ಕೂಡಿ ದುಡಿದು ತಮ್ಮ ಆಹಾರವನ್ನು ಬೆಳೆದುಕೊಳ್ಳುತ್ತಾರೆ. ಅದಕ್ಕಿಂತಲೂ ಗಮನಿಸತಕ್ಕ ನಿಯಮವೆಂದರೆ, ಊರಿನಲ್ಲಿ ಕೆಲಸ ಮಾಡುವ ಒಂದು ಸಂಸ್ಥೆಯು ಅಭ್ಯರ್ಥಿಯನ್ನು ಕಳುಹಿಸಿಕೊಡಬೇಕು. ಶಿಕ್ಷಣ ಮುಗಿದ ಮೇಲೆ ಅವನು ಆ ಸಂಸ್ಥೆಗೇ ಮರಳಿ ದುಡಿಯಬೇಕು. ಕಳುಹಿಸಿದವರು ಯಾರು, ಮರಳುವುದು ಎಲ್ಲಿಗೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರವಿದ್ದವನಿಗೆ ಮಾತ್ರ ಅಲ್ಲಿ ಪ್ರವೇಶ.

ಈ ನಿಯಮವನ್ನು ನಮ್ಮ ಹಳ್ಳಿಗಳು ಅನುಸರಿಸಲು ಹಣವೇನೂ ಬೇಕಾಗಿಲ್ಲ. ಹಾಲಿನ ಸಂಘ, ಸ್ತ್ರೀಶಕ್ತಿ ಗುಂಪು, ರೈತ ಉತ್ಪಾದಕರ ಸಂಸ್ಥೆ, ಯುವಕ ಸಂಘ ಇವುಗಳಲ್ಲಿ ಒಂದು ಸಭೆ ಸೇರಿ ಯಾರನ್ನು ಕಳುಹಿಸಬೇಕೆಂದು ತೀರ್ಮಾನಿಸಲಿ. ಮಾತುಗಾರನನ್ನಷ್ಟೇ ಆರಿಸದೆ, ಹಿಡಿದ ಕೆಲಸವನ್ನು ಮುಗಿಸುವ ಸ್ವಭಾವದವರನ್ನು ಆರಿಸಲಿ. ಹೆಣ್ಣುಮಕ್ಕಳನ್ನೂ ಭೂಮಿಯಿಲ್ಲದವರ ಮಕ್ಕಳನ್ನೂ ಮರೆಯದಿರಲಿ. ಹೊರಡುವವರ ಕೈಗೆ ಊರಿನ ಒಂದು ಪ್ರಶ್ನೆಯನ್ನು ಕೊಟ್ಟು ಕಳುಹಿಸಲಿ: ಕೆರೆಯ ಗಡಿಯನ್ನು ಅಳತೆ ಮಾಡಿಸುವುದು ಹೇಗೆ, ತರಕಾರಿಗೆ ನ್ಯಾಯವಾದ ಬೆಲೆ ಪಡೆಯುವುದು ಹೇಗೆ ಎಂಬಂಥದು. ಅವರಿಲ್ಲದಾಗ ಮನೆಯ ಹಸುವಿನ ಹಾಲು ಕರೆಯುವವರು, ಹೊಲಕ್ಕೆ ನೀರು ಬಿಡುವವರು ಯಾರೆಂಬುದನ್ನೂ ಅದೇ ಸಭೆ ಗೊತ್ತುಮಾಡಲಿ. ಮರಳಿದ ಒಂದು ತಿಂಗಳೊಳಗೆ ಅದೇ ಸಭೆಯ ಮುಂದೆ ಕಲಿತುದನ್ನು ಒಪ್ಪಿಸಬೇಕು. ವರ್ಷದೊಳಗೆ ಇನ್ನಿಬ್ಬರಿಗೆ ಕಲಿಸಬೇಕು. ಊರು ಕಳುಹಿಸಿದವನು ಊರಿನ ಋಣಿ. ಆ ಋಣವೇ ಅವನನ್ನು ದಲ್ಲಾಳಿಯಾಗದಂತೆ ಕಾಯುವ ಕಾವಲು.

ಇದರಲ್ಲಿ ಶಾಲೆಗಳ ಪಾತ್ರ ಅಲ್ಪವಾದುದಲ್ಲ. ಅಧ್ಯಾಪಕರು ವಿದ್ಯಾರ್ಥಿ ಸಂಘದ ಚುನಾವಣೆಯನ್ನು ಆಟವೆಂದು ಭಾವಿಸದೆ, ಖರ್ಚುವೆಚ್ಚದ ಲೆಕ್ಕವನ್ನು ಮಕ್ಕಳಿಂದಲೇ ಬರೆಯಿಸಿ ಸಭೆಯಲ್ಲಿ ಓದಿಸಬಹುದು. ಹಿರಿಯ ತರಗತಿಯ ಮಕ್ಕಳನ್ನು ಗ್ರಾಮಸಭೆಗೆ ಕರೆದೊಯ್ದು ಹಿಂದಿನ ಸಾಲಿನಲ್ಲಿ ಕೂರಿಸಬಹುದು. ಹಳೆಯ ವಿದ್ಯಾರ್ಥಿಗಳಲ್ಲಿ ವಕೀಲರು, ಲೆಕ್ಕಪರಿಶೋಧಕರು, ಪಶುವೈದ್ಯರು, ಬ್ಯಾಂಕಿನ ಅಧಿಕಾರಿಗಳಾದವರಿದ್ದಾರೆ. ಅವರು ವರ್ಷಕ್ಕೆ ಎರಡು ಭಾನುವಾರಗಳನ್ನು ಹುಟ್ಟಿದ ಊರಿಗೆ ಕೊಟ್ಟು ತಾವು ಬಲ್ಲುದನ್ನು ಕಲಿಸಿದರೆ ಅದೇ ಒಂದು ವಿದ್ಯಾಪೀಠವಾದೀತು. ದಾನಿಗಳಾದವರು ಕಟ್ಟಡದ ಕಲ್ಲಿನ ಮೇಲೆ ಹೆಸರು ಕೆತ್ತಿಸುವಷ್ಟೇ ಸಂತೋಷದಿಂದ ತರಬೇತಿಗೆ ಹೊರಟ ಒಬ್ಬ ಬಡ ತರುಣಿಯ ಪ್ರಯಾಣದ ವೆಚ್ಚವನ್ನೂ ಆ ದಿನಗಳ ಕೂಲಿಯ ನಷ್ಟವನ್ನೂ ಭರಿಸಬಹುದು. ಕೂಲಿ ತಪ್ಪುವುದೆಂಬ ಒಂದೇ ಕಾರಣದಿಂದ ಕಲಿಕೆಯಿಂದ ದೂರ ಉಳಿಯುವವರುಂಟು.

ನಗರವು ಬೆಳೆಯುವುದನ್ನು ಯಾವ ಹಳ್ಳಿಯೂ ತಡೆಯಲಾರದು. ಆದರೆ ತನ್ನ ಕೆರೆ, ತನ್ನ ಹೊಲ, ತನ್ನ ಮಕ್ಕಳ ವಿಷಯದಲ್ಲಿ ತೀರ್ಮಾನವಾಗುವಾಗ ಆ ಸಭೆಯಲ್ಲಿ ತನ್ನವರೂ ಕುಳಿತಿರುವಂತೆ ನೋಡಿಕೊಳ್ಳಬಲ್ಲದು. ಸಮೇತನಹಳ್ಳಿಯ ಹೆಸರಿನಲ್ಲಿಯೇ ‘ಸಮೇತ’ ಎಂಬ ಶಬ್ದವಿದೆ. ಕೂಡಿಕೊಂಡು, ಒಡಗೂಡಿ ಎಂಬುದು ಅದರ ಅರ್ಥ. ಕಲಿಯಲು ಹೋಗುವವರು ಒಬ್ಬಿಬ್ಬರಾದರೂ ಊರೆಲ್ಲ ಕೂಡಿ ಕಳುಹಿಸಿ, ಮರಳಿ ಬಂದವರ ಮಾತನ್ನು ಊರೆಲ್ಲ ಕೂಡಿ ಕೇಳಿದರೆ ಆ ಶಿಕ್ಷಣ ಸಾರ್ಥಕವಾಗುವುದರಲ್ಲಿ ಸಂದೇಹವಿಲ್ಲ.