ಗೋಕರ್ಣದಿಂದ ಅಘನಾಶಿನಿಯ ದಡಕ್ಕೆ

ಧಾರವಾಡದ ಎರೆಮಣ್ಣಿನಲ್ಲಿ ಹುಟ್ಟಿ ಬೆಳೆದ ನಮ್ಮಂಥವರಿಗೆ ಅಮಾವಾಸ್ಯೆ ಎಂದರೆ ಒಂದೇ ಅರ್ಥ. ಅದರಲ್ಲಿಯೂ ಎಳ್ಳಮಾವಾಸ್ಯೆ ಎಂದರೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಬನ್ನಿಯ ಗಿಡದ ನೆರಳಿನಲ್ಲಿ ಕುಳಿತು ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಗಳನ್ನು ಹೊಟ್ಟೆ ಬಿರಿಯುವಂತೆ ಉಣ್ಣುವುದು. ಅದೇ ಅಮಾವಾಸ್ಯೆಗೆ ಕಡಲ ದಂಡೆಯಲ್ಲಿ ಮತ್ತೊಂದು ಅರ್ಥವಿದೆ ಎಂಬುದು ನನಗೆ ಕನ್ನಡ ಎಂ.ಎ. ಪದವಿಯಿಂದಾಗಲಿ, ಹತ್ತು ವರ್ಷ ಪಾಠ ಹೇಳಿದ ಅನುಭವದಿಂದಾಗಲಿ ತಿಳಿದಿರಲಿಲ್ಲ. ತಿಳಿಯದ ತಪ್ಪಿಗೆ ತೆರಬೇಕಾಗಿದ್ದ ದಂಡ ಬಹಳ ದೊಡ್ಡದಿತ್ತು. ಹೇಗೋ ಸಣ್ಣದರಲ್ಲಿಯೇ ಮುಗಿಯಿತು.

ಎಳ್ಳಮಾವಾಸ್ಯೆಯ ಮರುದಿನ ಉಳಿದ ರೊಟ್ಟಿಯನ್ನೇ ಬುತ್ತಿ ಕಟ್ಟಿಕೊಂಡು ನಾನು, ನನ್ನ ಪತ್ನಿ ಮತ್ತು ಹನ್ನೊಂದು ವರ್ಷದ ಮಗಳು ಹುಬ್ಬಳ್ಳಿಯಿಂದ ಬಸ್ಸು ಹತ್ತಿದೆವು. ಕಲಘಟಗಿ ದಾಟಿದಂತೆ ಬಯಲು ಸರಿದು ಕಾಡು ಮುಂದೆ ಬರುತ್ತದೆ. ಯಲ್ಲಾಪುರದ ಆಚೆ ಅರಬೈಲು ಘಟ್ಟದ ತಿರುವುಗಳಲ್ಲಿ ಬಸ್ಸು ತೂಗುತ್ತ ಇಳಿಯುವಾಗ ಗಾಳಿಯ ರುಚಿಯೇ ಬದಲಾಗುತ್ತದೆ. ಈ ದಾರಿಗೆ ಸಮನಾಗಿ ಹುಬ್ಬಳ್ಳಿ-ಅಂಕೋಲಾ ರೈಲು ಬರುವುದೆಂಬ ಮಾತನ್ನು ನಾನು ಶಾಲೆಯ ದಿನಗಳಿಂದ ಕೇಳುತ್ತ ಬಂದಿದ್ದೇನೆ. ರೈಲು ಬಂದಿಲ್ಲ, ಕಾಡು ಉಳಿದಿದೆ. ಎರಡನ್ನೂ ಬಯಸುವ ನನ್ನಂಥವರಿಗೆ ಈ ವಿಷಯದಲ್ಲಿ ಮಾತನಾಡುವ ಅಧಿಕಾರವಿಲ್ಲ.

ಗೋಕರ್ಣಕ್ಕೆ ಹೋದವರೆಲ್ಲ ಕೋಟಿತೀರ್ಥದಲ್ಲಿ ಕಾಲು ತೊಳೆದು, ಮಹಾಬಲೇಶ್ವರನ ದರ್ಶನ ಪಡೆದು, ರಾವಣನನ್ನು ಮೋಸಗೊಳಿಸಿದ ಬಾಲಗಣಪತಿಗೆ ಕೈ ಮುಗಿದು ಹಿಂದಿರುಗುವುದು ವಾಡಿಕೆ. ನಾವೂ ಅಷ್ಟನ್ನು ಮಾಡಿದೆವು. ಆದರೆ ನಮ್ಮ ಉದ್ದೇಶ ಬೇರೆಯಿತ್ತು. ಊರಿನ ದಕ್ಷಿಣಕ್ಕೆ ಗುಡ್ಡಗಳ ಚಾಚುಗಳು ಒಂದರ ಹಿಂದೊಂದು ಕಡಲಿಗೆ ಇಳಿದಿವೆ. ಎರಡು ಚಾಚುಗಳ ನಡುವೆ ಒಂದೊಂದು ಮರಳಿನ ದಂಡೆ. ಈ ಗುಡ್ಡಗಳನ್ನು ಹತ್ತಿ ಇಳಿಯುತ್ತ ತದಡಿಯ ಬಂದರದವರೆಗೆ ನಡೆಯುವುದು, ಅಲ್ಲಿಂದ ದೋಣಿಯಲ್ಲಿ ಅಘನಾಶಿನಿಯನ್ನು ದಾಟಿ ಕುಮಟೆಯನ್ನು ಸೇರುವುದು ನಮ್ಮ ಲೆಕ್ಕಾಚಾರ.

ಮರುದಿನ ಮುಂಜಾನೆ ಎಂಟೂವರೆಗೆ ಹೊರಟೆವು. ರಾಮತೀರ್ಥದ ಮಗ್ಗುಲಿನಿಂದ ಏರಿದ ದಾರಿ ಮುರಕಲ್ಲಿನ ಬೋಳು ಹಾಸಿಗೆಯ ಮೇಲೆ ಸಾಗುತ್ತದೆ. ಮಳೆಗಾಲದಲ್ಲಿ ಹಸಿರು ಹೊದೆಯುವ ಈ ಕೆಂಪು ಕಲ್ಲು ಡಿಸೆಂಬರಿನಲ್ಲಿಯೇ ಕಾವಲಿಯಂತೆ ಕಾಯತೊಡಗಿರುತ್ತದೆ. ಅರ್ಧ ಗಂಟೆಯಲ್ಲಿ ಕುಡ್ಲೆಯ ದಂಡೆ. ಅದರ ದಕ್ಷಿಣದ ತುದಿಯಿಂದ ಮತ್ತೊಂದು ಗುಡ್ಡ ಹತ್ತಿ ಇಳಿದರೆ ಓಂ ದಂಡೆ. ಕಡಲಿಗೆ ಚಾಚಿದ ಬಂಡೆಗಳ ಸಾಲೊಂದು ದಂಡೆಯನ್ನು ಎರಡು ಕಮಾನುಗಳಾಗಿ ಸೀಳಿದ್ದರಿಂದ ಮೇಲಿನಿಂದ ನೋಡಿದವರಿಗೆ ಓಂಕಾರದ ಆಕಾರ ಕಾಣುತ್ತದೆ. ಮಗಳಿಗೆ ಮಾತ್ರ ಅದು ಇಂಗ್ಲಿಷಿನ ಮೂರರ ಅಂಕೆಯಂತೆ ಕಂಡಿತು. ನಾನು ವಾದಿಸಲಿಲ್ಲ.

ಈ ಎರಡು ದಂಡೆಗಳಲ್ಲಿ ಉಪಾಹಾರಗೃಹಗಳೂ ವಿದೇಶೀ ಪ್ರವಾಸಿಗಳೂ ಸಾಕಷ್ಟು. ಓಂ ದಂಡೆಯನ್ನು ಬಿಟ್ಟ ಮೇಲೆ ದಾರಿ ಏಕಾಂತವಾಗುತ್ತದೆ. ಎಡಕ್ಕೆ ಗೇರು ಮತ್ತು ಕುರುಚಲು ಕಾಡು, ಬಲಕ್ಕೆ ಕಡಿದಾದ ಇಳಿಜಾರು, ಅದರ ಬುಡದಲ್ಲಿ ನೀರು. ಅರ್ಧಚಂದ್ರನೆಂದು ಹೆಸರಾದ ಪುಟ್ಟ ದಂಡೆಯಲ್ಲಿ ಕುಳಿತು ಬುತ್ತಿ ಬಿಚ್ಚಿದೆವು. ಅಲ್ಲಿಂದ ಮುಂದಿನ ದಂಡೆಗೆ, ಪ್ಯಾರಡೈಸ್ ಎಂದು ಪ್ರವಾಸಿಗಳು ಕರೆಯುವಲ್ಲಿಗೆ, ಗುಡ್ಡದ ಮೇಲಿನ ಕಾಲುದಾರಿಯೊಂದು, ನೀರಂಚಿನ ಬಂಡೆಗಳ ಮೇಲಿನ ಒಳದಾರಿಯೊಂದು. ಸಮಯ ಹನ್ನೊಂದು. ಬಿಸಿಲು ಏರಿತ್ತು. ಪತ್ನಿ "ಮೇಲಿನಿಂದಲೇ ಹೋಗೋಣ" ಎಂದಳು. ನಾನು ಕೆಳಗೆ ಕೈ ತೋರಿಸಿ, "ಬಂಡೆಗಳು ಒಣಗಿಯೇ ಇವೆ, ಹತ್ತು ನಿಮಿಷದ ಕೆಲಸ" ಎಂದೆ. ತರಗತಿಯಲ್ಲಿ ಮಾತನಾಡಿ ಮಾತನಾಡಿ, ಎದುರಿನವರು ಸುಮ್ಮನಾದರೆ ನನ್ನ ಮಾತು ನಿಜವಾಯಿತೆಂದು ತಿಳಿಯುವ ಅಭ್ಯಾಸ ನನಗೆ.

ಅರ್ಧ ದಾರಿಯವರೆಗೆ ಎಲ್ಲವೂ ಸರಿಯಾಗಿತ್ತು. ಅಲ್ಲಿ ಎರಡು ಬಂಡೆಗಳ ನಡುವೆ ಒಂದು ಸಂದು. ಮೊಣಕಾಲಿನಷ್ಟು ನೀರು. ನಾನು ದಾಟಿದೆ. ಮಗಳು ಇಳಿಯುವಷ್ಟರಲ್ಲಿ ತೆರೆಯೊಂದು ನುಗ್ಗಿ ಸಂದು ತುಂಬಿ ಅವಳ ಎದೆ ಮುಟ್ಟಿತು. ಹಿಂದೆ ಸರಿಯುವ ನೀರು ಅವಳನ್ನು ಬಂಡೆಗೆ ಒರೆಸಿ ಎಳೆಯಿತು. ಅವಳ ಚೀಲದ ಪಟ್ಟಿ ನನ್ನ ಕೈಗೆ ಸಿಕ್ಕಿತು. ಸಿಕ್ಕಿತು ಎಂದೇ ಬರೆಯುತ್ತೇನೆ, ಹಿಡಿದೆ ಎಂದಲ್ಲ. ಎಳೆದು ಮೇಲೆ ಕೂರಿಸಿದಾಗ ಅವಳ ಪಾದ ಮತ್ತು ಮೊಣಕಾಲಿನಿಂದ ರಕ್ತ ಸುರಿಯುತ್ತಿತ್ತು. ಬಂಡೆಗೆ ಕಚ್ಚಿಕೊಂಡ ಚಿಪ್ಪುಗಳು ಕತ್ತಿಯಂತೆ ಕೊಯ್ದಿದ್ದವು. ಪತ್ನಿ ಸಂದಿನ ಆಚೆ, ನಾವಿಬ್ಬರೂ ಈಚೆ. ಮುಂದೆ ನೋಡಿದರೆ ಹೋಗಬೇಕಾಗಿದ್ದ ಬಂಡೆಗಳೆಲ್ಲ ಮುಳುಗುತ್ತಿದ್ದವು.

"ಓ ಮಾರಾಯ್ರೆ, ಮೇಲೆ ಹತ್ತಿ! ಭರತ ಇನ್ನೂ ಏರೂದೇ!" ಎಂದು ಕೂಗಿದವನು ಮೇಲಿನ ಇಳಿಜಾರಿನಲ್ಲಿ ಗಾಳ ಹಿಡಿದು ನಿಂತಿದ್ದ ಒಬ್ಬ ನಡುವಯಸ್ಸಿನ ಮೀನುಗಾರ. ಅವನೇ ಇಳಿದು ಬಂದು ಕೈ ಕೊಟ್ಟು, ನಮಗೆ ಕಾಣದ ಒಂದು ಬಿರುಕಿನ ಮೂಲಕ ಮೂವರನ್ನೂ ಬೇರೆ ಬೇರೆಯಾಗಿ ಮೇಲಿನ ದಾರಿಗೆ ಸೇರಿಸಿದನು. ಹೆಸರು ಕೇಳಿದರೆ ನಕ್ಕನು. ದುಡ್ಡು ಕೊಡಹೋದಾಗ ಮುಖ ಗಂಟಿಕ್ಕಿದನು. "ಅಮಾಸೆ ಕಳ್ದು ಎರಡು ದಿನ ಅಲ್ರಾ? ನಿಮ್ಮ ಮನೇಲಿ ಕ್ಯಾಲೆಂಡರು ಇಲ್ಲಾ?" ಎಂದು ಕೇಳಿದನು.

ಇತ್ತು. ಗೋಡೆಗೆ ತೂಗುಬಿಟ್ಟಿತ್ತು. ಅದರಲ್ಲಿ ಕಪ್ಪು ವೃತ್ತವನ್ನು ನೋಡಿಯೇ ಹೋಳಿಗೆಗೆ ಹಿಟ್ಟು ನಾದಿದ್ದೆವು. ಅವನು ಹೇಳಿಕೊಟ್ಟ ಲೆಕ್ಕ ಇಷ್ಟೆ: ಅಮಾವಾಸ್ಯೆ ಹುಣ್ಣಿಮೆಗಳಂದು ಸೂರ್ಯ ಚಂದ್ರರ ಸೆಳೆತ ಕೂಡಿ ಕಡಲಿನ ಏರಿಳಿತ ಅತಿ ಹೆಚ್ಚು. ಆ ದಿನ ಈ ಕರಾವಳಿಯಲ್ಲಿ ಭರತ ತುಂಬುವುದು ಮುಂಜಾನೆ ಹನ್ನೊಂದರ ಸುಮಾರಿಗೆ. ಮುಂದೆ ದಿನಕ್ಕೆ ಐವತ್ತು ನಿಮಿಷದಂತೆ ತಡವಾಗುತ್ತ ಹೋಗುತ್ತದೆ. ತುಂಬಿದ ಆರು ತಾಸಿಗೆ ಪೂರ್ತಿ ಇಳಿತ. ಸೂರ್ಯ ಚಂದ್ರರ ಮಾತನ್ನು ನಾನು ಸೇರಿಸಿದ್ದು. ಉಳಿದ ಗಣಿತ ಅವನದು. ನಿಖರವಾದ ವೇಳೆಗೆ ಬಂದರಿನ ಕೋಷ್ಟಕಗಳಿವೆ, ಆದರೆ ನಡೆಯುವವನಿಗೆ ದಂಡೆಯ ಮನುಷ್ಯನನ್ನು ಒಂದು ಮಾತು ಕೇಳುವುದೇ ಸಾಕಾಗುತ್ತದೆ. ಗೋಕರ್ಣದ ನೀರಿನಲ್ಲಿ ಪ್ರಾಣ ಕಳೆದುಕೊಂಡವರ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಓದುತ್ತೇವೆ, ಓದಿ ಪುಟ ತಿರುವುತ್ತೇವೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಈ ದಾರಿಯ ಹೆಸರನ್ನೇ ಎತ್ತಬಾರದು.

ಗಾಯ ತೊಳೆದು ಪಂಚೆಯ ಅಂಚು ಹರಿದು ಕಟ್ಟಿದೆವು. ಹಿಂದಿರುಗೋಣವೆಂದರೆ ಮಗಳು ಒಪ್ಪಲಿಲ್ಲ. ನಿಧಾನವಾಗಿ ಗುಡ್ಡದ ಮೇಲಿನಿಂದ ಬೇಲೆಕಾನದ ದಂಡೆಗೆ ಇಳಿದು, ತೆಂಗಿನ ತೋಟಗಳ ನಡುವೆ ತದಡಿಗೆ ಬಂದಾಗ ಮೂರು ಗಂಟೆ ದಾಟಿತ್ತು. ಪತ್ನಿ ಆ ಹೊತ್ತಿನವರೆಗೆ ನನ್ನೊಡನೆ ಮಾತನಾಡಲಿಲ್ಲ. ಅದು ನ್ಯಾಯವೇ ಆಗಿತ್ತು.

ತದಡಿಯಿಂದ ಆಚೆ ದಡದ ಅಘನಾಶಿನಿ ಎಂಬ ಊರಿಗೆ ದೋಣಿಯಿದೆ. ಮನುಷ್ಯರ ಜೊತೆಗೆ ಮೋಟಾರು ಸೈಕಲ್ಲುಗಳೂ ದಾಟುತ್ತವೆ. ಶಿರಸಿಯ ಬಳಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರು ಧುಮುಕಿ ಬರುವ ಈ ನದಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ಆದ್ದರಿಂದ ಘಟ್ಟದ ಸಿಹಿನೀರೂ ಕಡಲಿನ ಉಪ್ಪುನೀರೂ ಇಲ್ಲಿ ತಮ್ಮ ತಮ್ಮ ವೇಳೆಗೆ ಸೇರಿ ಅಗಲುತ್ತವೆ. ಬೆಳಿಗ್ಗೆ ನಮ್ಮನ್ನು ಎಳೆದ ಅದೇ ಭರತ ಈಗ ಇಳಿಯುತ್ತಿತ್ತು. ಮೈಲುಗಟ್ಟಲೆ ಕೆಸರಿನ ಹಾಸು ಮೇಲೆದ್ದಿತ್ತು. ಅದರ ಮೇಲೆ ಬುಟ್ಟಿ ಹಿಡಿದು ಬಾಗಿದ ಹೆಂಗಸರು, ಗಂಡಸರು, ಮಕ್ಕಳು. ಬಳಚು ಆರಿಸುತ್ತಿದ್ದರು. ಈ ಚಿಪ್ಪಿನ ಜೀವಿ ಅನೇಕ ಮನೆಗಳ ಊಟವೂ ಹೌದು, ಸಂತೆಯ ದುಡ್ಡೂ ಹೌದು. ದೋಣಿಯಲ್ಲಿ ಪಕ್ಕಕ್ಕೆ ಕುಳಿತಿದ್ದ ಮುದುಕಿ, "ಇಳಿತ ಇದ್ದಾಗಷ್ಟೇ ನಮ್ಗೆ ಕೆಲ್ಸಾ ರಾ" ಎಂದು ಹೇಳಿ, ಮಗಳ ಪಾದ ನೋಡಿ ಲೊಚಗುಟ್ಟಿದಳು.

ದಡದ ಗಜನಿ ಗದ್ದೆಗಳದೂ ಇದೇ ಕಥೆ. ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ತೊಳೆದಾಗ ಅಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ನೆರೆಗೆ ಮುಳುಗಿದರೂ, ಉಪ್ಪು ತಾಗಿದರೂ ತಾಳಿಕೊಳ್ಳುವ ಎತ್ತರದ ತಳಿ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು, ಅದರೊಡನೆ ಸಿಗಡಿ ಮತ್ತು ಮೀನು. ಹತ್ತಿರದ ಸಾಣಿಕಟ್ಟೆಯಲ್ಲಿ ನೀರು ಬತ್ತಿಸಿ ಉಪ್ಪು ಮಾಡುತ್ತಾರೆ. ಅದರ ನೆರೆಯ ಹನೇಹಳ್ಳಿ ಯಶವಂತ ಚಿತ್ತಾಲರ ಹುಟ್ಟೂರು. ಅವರ ಕಥೆಗಳನ್ನು ವರ್ಷ ವರ್ಷ ಪಾಠ ಹೇಳಿದ್ದೇನೆ. ಆ ಊರಿನ ನೀರು ದಿನಕ್ಕೆರಡು ಸಲ ಹೋಗಿ ಬರುತ್ತದೆಂಬುದನ್ನು ಮಾತ್ರ ಗಮನಿಸಿರಲಿಲ್ಲ.

2024ರ ಜನವರಿಯಲ್ಲಿ ಅಘನಾಶಿನಿಯ ಈ ಅಳಿವೆ ಪ್ರದೇಶ ರಾಮ್‌ಸರ್ ಪಟ್ಟಿಗೆ ಸೇರಿ ಜಗತ್ತಿನ ಮುಖ್ಯ ಜೌಗುಪ್ರದೇಶಗಳಲ್ಲಿ ಒಂದಾಯಿತು. ಇತ್ತ ಇದರ ನೀರನ್ನು ಪೂರ್ವಕ್ಕೆ ವೇದಾವತಿಗೆ ತಿರುಗಿಸುವ ಯೋಜನೆಯ ಮಾತೂ ಎದ್ದಿದೆ, ಜಿಲ್ಲೆಯಲ್ಲಿ ಅದಕ್ಕೆ ವಿರೋಧವೂ ಎದ್ದಿದೆ. ಬಯಲುಸೀಮೆಯವನಾದ ನನಗೆ ನೀರಿನ ಬರ ಗೊತ್ತು. ಬರದ ಊರಿನವರನ್ನು ಹಳಿಯಲಾರೆ. ಆದರೆ ಸಿಹಿನೀರು ಕಡಿಮೆಯಾದರೆ ಕಗ್ಗಕ್ಕೂ ಬಳಚಿಗೂ ಏನಾಗುವುದೆಂಬ ಪ್ರಶ್ನೆಯನ್ನು ಆ ಕೆಸರಿನಲ್ಲಿ ಬಾಗಿದವರನ್ನು ನೋಡಿದವರು ಕೇಳದೆ ಇರಲಾರರು.

ಆಚೆ ದಡದಿಂದ ಬಾಡದ ದಂಡೆಯ ಮೇಲೆ ನಡೆಯುವ ಆಸೆಯನ್ನು ಬಿಟ್ಟು ರಿಕ್ಷಾ ಹಿಡಿದು ಕುಮಟೆ ಸೇರಿದೆವು. ಈ ಊರಿಗೂ ನಮಗೂ ಹಳೆಯ ನಂಟಿದೆ. ಅಮೇರಿಕದ ಅಂತರ್ಯುದ್ಧ ನಡೆದ 1861-65ರ ವರ್ಷಗಳಲ್ಲಿ ಇಂಗ್ಲೆಂಡಿನ ಗಿರಣಿಗಳು ಹತ್ತಿಗೆ ಬಾಯಿಬಿಟ್ಟಾಗ, ಧಾರವಾಡ ಸೀಮೆಯ ಹತ್ತಿ ಚಕ್ಕಡಿಗಳಲ್ಲಿ ಘಟ್ಟ ಇಳಿದು ಇಲ್ಲಿಂದಲೇ ಹಡಗು ಹತ್ತುತ್ತಿತ್ತು. ನಮ್ಮ ಹೊಲದ ಹತ್ತಿಗೆ ಹೊರಗಿನ ಪೇಟೆಯಲ್ಲಿ 'ಕುಮಟಾ' ಎಂದೇ ಹೆಸರು ಬಿದ್ದಿತು. 1880ರ ದಶಕದಲ್ಲಿ ರೈಲು ನಮ್ಮೂರಿಗೆ ಬಂದು ಹತ್ತಿ ಬೇರೆ ದಾರಿ ಹಿಡಿಯಿತು, ಬಂದರು ಮೌನವಾಯಿತು. ಆ ಚಕ್ಕಡಿಯವರು ಕಡಲ ದಂಡೆಯಲ್ಲಿ ರಾತ್ರಿ ಕಳೆದಾಗ ಭರತದ ಲೆಕ್ಕವನ್ನು ಯಾರನ್ನು ಕೇಳಿ ಕಲಿತರೋ!

ದವಾಖಾನೆಯಲ್ಲಿ ಮಗಳ ಪಾದಕ್ಕೆ ನಾಲ್ಕು ಹೊಲಿಗೆ ಹಾಕಿಸಿ ರಾತ್ರಿಯ ಬಸ್ಸು ಹಿಡಿದೆವು. ದೇವಿಮನೆ ಘಟ್ಟ ಏರುವಾಗ ಅವಳು ನಿದ್ದೆ ಹೋಗಿದ್ದಾಳೆಂದು ತಿಳಿದಿದ್ದೆವು. ಕತ್ತಲಲ್ಲಿ ಬೆರಳು ಎಣಿಸುವ ಸದ್ದಾಯಿತು.

"ಅಪ್ಪಾ, ನಾಳೆ ಭರತ ಒಂದೂವರೆಗೆ. ಅಲ್ಲವೇ?"

ಹೌದೆಂದು ಪತ್ನಿ ಹೇಳಿದಳು.