ಪಂಚಗಂಗೆಯ ನೆರೆಯೂ ದಡದ ಮನೆಗಳೂ

ಮಳೆಗಾಲದಲ್ಲಿ ಕೊಲ್ಲಾಪುರದ ನದೀತೀರದ ಓಣಿಗಳಲ್ಲಿ ದಿನಕ್ಕೆ ಹತ್ತು ಬಾರಿ ಕೇಳಿಬರುವ ಪ್ರಶ್ನೆ ಒಂದೇ: 'ರಾಜಾರಾಮ ಬಂಧಾರದಲ್ಲಿ ನೀರು ಎಷ್ಟು ಅಡಿ?' 39 ಅಡಿಯಾದರೆ ಎಚ್ಚರಿಕೆ, 43 ಅಡಿಯಾದರೆ ಅಪಾಯ. 2019ರ ಆಗಸ್ಟಿನಲ್ಲಿ ಅದು 55 ಅಡಿ ಮೀರಿತು. 2021ರ ಜುಲೈಯಲ್ಲಿ 56 ಅಡಿಯನ್ನೂ ದಾಟಿತು. ಹೆದ್ದಾರಿ ಹಲವು ದಿನ ಮುಚ್ಚಿತು. ನೀರೆತ್ತುವ ಯಂತ್ರಾಗಾರಗಳೇ ಮುಳುಗಿದ್ದರಿಂದ, ಸುತ್ತಲೂ ನೀರಿದ್ದ ಪಟ್ಟಣಕ್ಕೆ ನಲ್ಲಿಯ ನೀರು ಇಲ್ಲವಾಯಿತು.

ಈ ನೆರೆ ಊರಿನ ಮಳೆಯಿಂದಲೇ ಬರುವುದಲ್ಲ. ಕಾಸಾರಿ, ಕುಂಭಿ, ತುಳಸಿ, ಭೋಗಾವತಿ ನದಿಗಳು ಘಟ್ಟದ ನೀರನ್ನು ಹೊತ್ತು ತರುತ್ತವೆ. ಭೋಗಾವತಿಯ ರಾಧಾನಗರಿ ಅಣೆಕಟ್ಟಿನ ಸ್ವಯಂಚಾಲಿತ ಬಾಗಿಲುಗಳು ನೀರು ತುಂಬಿದಾಗ ತಾವಾಗಿ ತೆರೆದುಕೊಳ್ಳುತ್ತವೆ. ಕೆಳಗೆ ನರಸೋಬವಾಡಿಯಲ್ಲಿ ಕೃಷ್ಣೆ ತುಂಬಿದ್ದರೆ ಪಂಚಗಂಗೆಗೆ ಇಳಿಯಲು ದಾರಿಯಿಲ್ಲ. ಆಗ ನದಿಯ ನೀರು ಜಯಂತಿ ನಾಲೆಯಲ್ಲಿ ಹಿಮ್ಮುಖವಾಗಿ ಊರೊಳಗೆ ಬರುತ್ತದೆ. ಬಿಸಿಲು ಕಾಯುತ್ತಿರುವಾಗಲೇ ಅಂಗಳಕ್ಕೆ ನೀರು ಬರುವ ಗುಟ್ಟು ಇದು.

ತಗ್ಗಿನಲ್ಲಿರುವ ಸುತಾರವಾಡೆಯ ಜನ ಮೊದಲು ಮನೆ ಬಿಡುವವರು. ದಸರಾ ಚೌಕದ ಚಿತ್ರದುರ್ಗ ಮಠವು ಅವರಿಗೆ ಆಶ್ರಯ ನೀಡುತ್ತ ಬಂದಿದೆ. ಕನ್ನಡ ನಾಡಿನ ಹೆಸರು ಹೊತ್ತ ಮಠ ಮರಾಠಿ ನೆರೆಹೊರೆಗೆ ಸೂರಾದುದು ನಮಗೆ ಹೆಮ್ಮೆಯ ಸಂಗತಿ. ಇಚಲಕರಂಜಿಯಲ್ಲಿ ಕಷ್ಟ ಇನ್ನೊಂದು ಬಗೆಯದು. ಪಾತ್ರೆಪಗಡಗಳನ್ನು ಅಟ್ಟಕ್ಕೇರಿಸಬಹುದು, ನೆಲಕ್ಕೆ ಬಿಗಿದ ವಿದ್ಯುತ್ ಮಗ್ಗವನ್ನು ಏರಿಸುವುದು ಹೇಗೆ? ನೂಲು ನೆನೆದರೆ ಕೂಲಿಯೂ ಹೋದಂತೆಯೇ.

ಪಯಸ್ವಿನಿ ಕರ್ನಾಟಕದಲ್ಲಿ ಹುಟ್ಟಿ ಚಂದ್ರಗಿರಿಯಾಗಿ ನಮ್ಮ ಕಡಲನ್ನು ಸೇರುವಂತೆ, ಹಿರಣ್ಯಕೇಶಿಯು ಮಹಾರಾಷ್ಟ್ರದ ಅಂಬೋಲಿಯಲ್ಲಿ ಹುಟ್ಟಿ, ಗಡಹಿಂಗ್ಲಜವನ್ನು ದಾಟಿ, ಸಂಕೇಶ್ವರದ ಮಾರ್ಗವಾಗಿ ಘಟಪ್ರಭೆಯನ್ನು ಸೇರುತ್ತದೆ. ಗಡಹಿಂಗ್ಲಜದ ಪೂರ್ವದ ಹಳ್ಳಿಗಳಲ್ಲಿ ಕನ್ನಡ ಮನೆಮಾತು. ಮೇಲಿನವರು ಮರಾಠಿಯಲ್ಲಿ ಹೇಳಿದ ಅಡಿಯ ಲೆಕ್ಕ ಕೆಳಗಿನವರಿಗೆ ಕನ್ನಡದಲ್ಲಿ ತಲುಪಬೇಕು. ನದಿಗೆ ಗಡಿಯಿಲ್ಲ, ಪ್ರಕಟಣೆಗೆ ಮಾತ್ರ ಉಂಟು. ಸರಕಾರಿ ಕಾಗದವನ್ನು ಅನ್ಯಭಾಷೆಯಲ್ಲಿ ಓದಿ ಹಿರಿಯರಿಗೆ ತಿಳಿಹೇಳುವ ಕಷ್ಟ ಕಾಸರಗೋಡಿನ ಮನೆಗಳಿಗೆ ಹೊಸದೇನಲ್ಲ. ಮದುವೆಯ ಕಾಗದವಾದರೆ ನಾಳೆ ಓದಿಸಿಕೊಳ್ಳಬಹುದು. ನೆರೆಯ ಎಚ್ಚರಿಕೆ ನಾಳೆಗೆ ಕಾಯದು.

ಹಾಗಾದರೆ ಮಾಡಬೇಕಾದುದೇನು? ಬಂಧಾರದಲ್ಲಿ ಎಷ್ಟು ಅಡಿಯಾದಾಗ ತನ್ನ ಹೊಸ್ತಿಲಿಗೆ ನೀರು ಬರುತ್ತದೆಂಬುದನ್ನು ಪ್ರತಿ ಮನೆಯವರೂ ತಿಳಿದಿರಬೇಕು. ಆ ಅಂಕಿಯನ್ನು ಗೋಡೆಯ ಮೇಲೆ ಕನ್ನಡದಲ್ಲಿ ಬರೆದಿಡಬೇಕು. ಪಡಿತರ ಚೀಟಿ, ಜಮೀನಿನ ಉತಾರ, ಮಕ್ಕಳ ಶಾಲಾ ಪ್ರಮಾಣಪತ್ರಗಳು ಒಂದೇ ಚೀಲದಲ್ಲಿರಲಿ. ದನಗಳ ಹಗ್ಗವನ್ನು ಮೊದಲು ಬಿಚ್ಚಬೇಕು. ನೀರಿಳಿದ ಮೇಲೆ ಕೆಸರು ತೊಳೆಯುವ ಆತುರದಲ್ಲಿ ನಷ್ಟದ ಗುರುತು ಅಳಿಸಿಹೋಗಬಾರದು. ಪಂಚನಾಮೆಗೆ ಮೊದಲೇ ಫೋಟೋ ತೆಗೆದಿಡುವುದು ಲೇಸು. ನೀರು ಕುದಿಸಿ ಕುಡಿಯಬೇಕು, ಇಲಿಜ್ವರದ ಭಯವುಂಟು.

ಶಾಲೆಗಳಿಗೂ ಇಲ್ಲಿ ಕೆಲಸವಿದೆ. ನಾವು ಮಕ್ಕಳಿಗೆ ನದಿಗಳ ಉಗಮ, ಉದ್ದಗಳನ್ನು ಬಾಯಿಪಾಠ ಮಾಡಿಸುತ್ತೇವೆ. ತಮ್ಮೂರ ನದಿಯ ಅಪಾಯಮಟ್ಟವನ್ನೂ ಕಲಿಸಿದರೆ, ಸಂಜೆ ಮನೆಗೆ ಮರಳುವ ಮಗುವೇ ಅಜ್ಜಿಗೆ ಆ ದಿನದ ಅಡಿಯನ್ನು ಅವಳ ಮಾತಿನಲ್ಲಿ ಹೇಳಬಲ್ಲದು.