ಹನ್ನೊಂದು ತಿಂಗಳಾದರೂ ಕೂರದ ಮಗು

ಭದ್ರಾವತಿಯ ಓದುಗರೊಬ್ಬರ ಪ್ರಶ್ನೆ: ‘ಮಗಳು ಶಿವಮೊಗ್ಗದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಮಕ್ಕಳ ಬೆಳವಣಿಗೆ ಬಗ್ಗೆ ಪಾಠ ಮಾಡೋದು ಬಿಟ್ಟು, ಒಂದು ಸಮಸ್ಯೆ ಕೊಟ್ಟು ನೀವೇ ಚರ್ಚಿಸಿ ಅಂತಾರಂತೆ. ಫೀಸು ಕಟ್ಟೋದು ಇದಕ್ಕಾ?’

ಈ ಪದ್ಧತಿ ಹುಟ್ಟಿದ್ದೂ ಭದ್ರಾವತಿಯಂಥ ಉಕ್ಕಿನ ಊರಲ್ಲೇ. ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯ 1969ರಲ್ಲಿ ಹೊಸ ವೈದ್ಯಕೀಯ ಶಾಲೆ ತೆರೆದಾಗ ಡೀನ್ ಜಾನ್ ಇವಾನ್ಸ್ ಬಳಗ ಉಪನ್ಯಾಸಗಳನ್ನು ಬದಿಗಿಟ್ಟು ವಿದ್ಯಾರ್ಥಿಗಳ ಕೈಗೆ ನೇರವಾಗಿ ರೋಗಿಯ ಸಮಸ್ಯೆಯನ್ನೇ ಕೊಟ್ಟಿತು. ಪರೀಕ್ಷೆಯಲ್ಲಿ ಚೆನ್ನಾಗಿ ಬರೆದವರು ರೋಗಿಯ ಮುಂದೆ ತಡವರಿಸುವುದನ್ನು ಕಂಡಿದ್ದ ನರರೋಗ ತಜ್ಞ ಹೊವರ್ಡ್ ಬ್ಯಾರೋಸ್ ಮುಂದೆ ಇದಕ್ಕೊಂದು ಶಾಸ್ತ್ರ ಕಟ್ಟಿದರು. 1974ರಲ್ಲಿ ನೆದರ್‌ಲೆಂಡ್ಸ್‌ನ ಮಾಸ್ಟ್ರಿಕ್ಟ್, 1978ರಲ್ಲಿ ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ಇದನ್ನು ಹಿಡಿದವು. ಹಳೆಯ ದೊಡ್ಡ ಕಾಲೇಜುಗಳು ಎಚ್ಚೆತ್ತದ್ದು ಆಮೇಲೆ.

ಸಮಸ್ಯೆ ಹೇಗಿರುತ್ತದೆ? ಒಂದನ್ನು ಕಲ್ಪಿಸಿಕೊಳ್ಳಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ತಾಯಿಯೊಬ್ಬಳು ಬಂದಿದ್ದಾಳೆ. ಮಗುವಿಗೆ ಹನ್ನೊಂದು ತಿಂಗಳು, ಆಸರೆಯಿಲ್ಲದೆ ಕೂರುವುದಿಲ್ಲ. ಶಿಕ್ಷಕಿ ಕೊಡುವ ಮೊದಲ ಹಾಳೆಯಲ್ಲಿ ಇಷ್ಟೇ.

ವಿದ್ಯಾರ್ಥಿನಿಯರು ಹುಡುಕುತ್ತಾರೆ. ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ಗಮನಿಸಿ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಕೊಟ್ಟ ಲೆಕ್ಕದಂತೆ, ನೂರಕ್ಕೆ 99 ಮಕ್ಕಳು 9.2 ತಿಂಗಳೊಳಗೆ ಕೂರುತ್ತಾರೆ. ಹಾಗಾದರೆ ತೊಂದರೆಯೇ? ‘ದಿನ ತುಂಬಿ ಹುಟ್ಟಿದ್ದಾ?’ ಎಂದು ಯಾರಾದರೂ ಕೇಳಬೇಕು. ಕೇಳಿದರೆ ಎರಡನೇ ಹಾಳೆ: ಎರಡು ತಿಂಗಳು ಮೊದಲೇ ಹೆರಿಗೆ. ಅಲ್ಲಿಗೆ ಲೆಕ್ಕಕ್ಕೆ ಹಿಡಿಯಬೇಕಾದ ವಯಸ್ಸು ಒಂಬತ್ತೇ ತಿಂಗಳು. ಗುಂಪು ನಿಟ್ಟುಸಿರು ಬಿಡುತ್ತದೆ. ಮೂರನೇ ಹಾಳೆ: ಗಿಲಕಿ ತೋರಿಸಿದರೆ ಮಗು ಯಾವಾಗಲೂ ಎಡಗೈಯನ್ನೇ ಚಾಚುತ್ತದೆ, ಬಲಗೈ ಮುಷ್ಟಿ ಬಿಚ್ಚುವುದಿಲ್ಲ. ‘ಎಡಚ ಇರಬೇಕು’ ಎಂದು ಅಜ್ಜಿ ಹೇಳಿದ್ದಾಳೆ. ಆದರೆ ಮೊದಲ ವರ್ಷದಲ್ಲಿ ಮಕ್ಕಳು ಎರಡೂ ಕೈ ಬಳಸುತ್ತಾರೆ. ಒಂದೇ ಕೈ ಮುಂದಾದರೆ ಇನ್ನೊಂದರ ಬಲವನ್ನು, ಮಿದುಳಿನ ತೊಂದರೆಯೇನಾದರೂ ಇದೆಯೇ ಎಂಬುದನ್ನು ತಡಮಾಡದೆ ಪರೀಕ್ಷಿಸಬೇಕು. ಕೋಷ್ಟಕ ಬಾಯಿಪಾಠ ಮಾಡಿದವಳಿಗೆ ಇದು ಹೊಳೆಯುವುದು ಕಷ್ಟ.

ಹಾಗಂತ ಇದು ಸಂಜೀವಿನಿಯೇನಲ್ಲ. 1993ರಲ್ಲಿ ಪ್ರಕಟವಾದ ಸಮೀಕ್ಷೆಗಳಲ್ಲಿ, ಈ ಪದ್ಧತಿಯಲ್ಲಿ ಕಲಿತ ವೈದ್ಯ ವಿದ್ಯಾರ್ಥಿಗಳು ರೋಗಿಗಳ ಜತೆಗಿನ ಕೆಲಸದಲ್ಲಿ ಹಿಂದೆ ಬೀಳದಿದ್ದರೂ, ಮೂಲವಿಜ್ಞಾನದ ಅಂಕಗಳಲ್ಲಿ ಕೆಲವೆಡೆ ಹಿಂದಿದ್ದರು. ಶಿಕ್ಷಕರೂ ಹೆಚ್ಚು ಬೇಕು.

ಆದ್ದರಿಂದ ಮಗಳನ್ನು ಒಂದು ಮಾತು ಕೇಳಿ: ಗುಂಪಿನಲ್ಲಿ ಎಷ್ಟು ಜನ? ಎಂಟು-ಹತ್ತು ಜನ ಇದ್ದು, ಶಿಕ್ಷಕಿ ಪಕ್ಕದಲ್ಲೇ ಕೂತು ಎಡವಿದಲ್ಲಿ ತಡೆಯುತ್ತಿದ್ದರೆ ಫೀಸು ದಂಡವಲ್ಲ. ಅರವತ್ತು ಜನರಿಗೆ ಒಂದು ಹಾಳೆ ಹಂಚಿ ಶಿಕ್ಷಕಿ ಸ್ಟಾಫ್ ರೂಮಿಗೆ ಹೋಗುತ್ತಿದ್ದರೆ, ಪ್ರಾಂಶುಪಾಲರಿಗೊಂದು ಪತ್ರ ಬರೆಯಿರಿ.